ತೀರ್ಥಹಳ್ಳಿಯಿಂದ ದೆಹಲಿಗೆ ಒಬ್ಬಳೇ ರೈಲಲ್ಲಿ: ಮೊದಲ ಸಲ ಹೋಗುವವಳಿಗೆ ಏನೇನು ತಯಾರಿ ಬೇಕು?

ಕುಪ್ಪಳಿ ಕಡೆಯವಳು
ಎಲ್ಲರಿಗೂ ನಮಸ್ಕಾರ. ಜನವರಿ 24ಕ್ಕೆ ದೆಹಲಿಯಲ್ಲಿ ಒಂದು ಸಂದರ್ಶನ ಇದೆ. ಊರು ತೀರ್ಥಹಳ್ಳಿ ಹತ್ತಿರ, ವಯಸ್ಸು 23. ದೂರದ ರೈಲು ಇದೇ ಮೊದಲು, ಜೊತೆಗೆ ಯಾರೂ ಬರುವುದಿಲ್ಲ. ಅಲ್ಲಿ ಗೆಳತಿಯ ಪಿಜಿಯಲ್ಲಿ ಉಳಿಯುವ ವ್ಯವಸ್ಥೆ ಆಗಿದೆ. 27ಕ್ಕೆ ವಾಪಸ್ ಹೊರಡಬೇಕು. ಸ್ಲೀಪರ್ ಸಾಕಾ, ಎಸಿ ಬೇಕಾ? ಯಾವ ಬರ್ತ್ ತಗೊಳ್ಳಲಿ? ಬೆಂಗಳೂರಲ್ಲಿ ಗಾಡಿ ಬದಲಿಸುವುದು ಹೇಗೆ? ಎಲ್ಲ ಸರಿಯಾಗಿ ವಿವರಿಸಿದರೆ ಮನೆಯಲ್ಲಿ ಒಪ್ಪುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಟೌನ್ ಸ್ಟೇಷನ್
ಮೇಡಂ, ಮೊದಲು ಗಾಡಿ ಆರಿಸಬೇಡಿ, ಇಳಿಯುವ ಹೊತ್ತು ಆರಿಸಿ. ಒಂಟಿ ಹೆಣ್ಣುಮಗಳಿಗೆ ರೈಲಿನ ಒಳಗಿಗಿಂತ ಹೆಚ್ಚು ಕಷ್ಟ ಕೊಡುವುದು ಗೊತ್ತಿಲ್ಲದ ಊರಲ್ಲಿ ರಾತ್ರಿ ಒಂದು ಗಂಟೆಗೆ ಇಳಿಯುವುದು. ಹಗಲಲ್ಲಿ ಇಳಿಸುವ ಗಾಡಿ ಸಿಕ್ಕಿತೆಂದರೆ ಅರ್ಧ ತಯಾರಿ ಮುಗಿದ ಹಾಗೆ.

ಆ ಲೆಕ್ಕಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್ (12627) ನಿಮಗೆ ಸರಿ ಹೊಂದುತ್ತದೆ. ಸಂಜೆ ಬೆಂಗಳೂರು ಬಿಟ್ಟರೆ ನಡುವೆ ಎರಡು ರಾತ್ರಿ, ಮೂರನೇ ದಿನ ಬೆಳಗ್ಗೆ ನವದೆಹಲಿ. ಸಂಪರ್ಕ ಕ್ರಾಂತಿಯೂ ಇದೆ. ಅದರಲ್ಲಿ ಒಂದು ಹುಬ್ಬಳ್ಳಿ ಮೇಲೆ, ಇನ್ನೊಂದು ಕಾಚಿಗುಡ ಮೇಲೆ ಹೋಗುತ್ತದೆ, ಎರಡೂ ಮುಟ್ಟುವುದು ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ, ನವದೆಹಲಿಗಲ್ಲ.

ದಿನ ಹೀಗೆ ಇಟ್ಟುಕೊಳ್ಳಿ. 20ಕ್ಕೆ ಬೆಂಗಳೂರು ಬಿಟ್ಟರೆ 22ಕ್ಕೆ ದೆಹಲಿ. ಜನವರಿಯಲ್ಲಿ ಉತ್ತರದ ಮಂಜಿಗೆ ಗಾಡಿ ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಸಿಗ್ನಲ್ ಕಾಣದೆ ಚಾಲಕರು ವೇಗ ಇಳಿಸುತ್ತಾರೆ, ಮುಂದಿನ ಗಾಡಿ ನಿಧಾನವಾದರೆ ಹಿಂದಿನವೂ ಸಾಲಾಗಿ ನಿಲ್ಲುತ್ತವೆ. ಬೆಳಗ್ಗೆ ಬರಬೇಕಾದದ್ದು ಸಂಜೆಗೆ ಬಂದರೂ ಸಂದರ್ಶನಕ್ಕೆ ಮೊದಲು ನಿಮಗೆ ಒಂದು ಪೂರ್ತಿ ದಿನ ಉಳಿಯುತ್ತದೆ. 22ಕ್ಕೇ ಸಂದರ್ಶನ ಇದ್ದಿದ್ದರೆ ಈ ಗಾಡಿ ಬೇಡವೆನ್ನುತ್ತಿದ್ದೆ.

ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ (2024ರ ನವೆಂಬರ್ 1ಕ್ಕೆ ಮೊದಲು 120 ದಿನ ಇತ್ತು, ಹಳೆ ವಿಡಿಯೋ ನೋಡಿ ಮೋಸಹೋಗಬೇಡಿ). ಪ್ರಯಾಣದ ದಿನ ಲೆಕ್ಕಕ್ಕಿಲ್ಲ. ಜನವರಿ 20ರ ಟಿಕೆಟ್ ನವೆಂಬರ್ 21ರ ಬೆಳಗ್ಗೆ 8ಕ್ಕೆ, 27ರ ವಾಪಸ್ ಟಿಕೆಟ್ ನವೆಂಬರ್ 28ರ ಬೆಳಗ್ಗೆ 8ಕ್ಕೆ ಸಿಗುತ್ತದೆ. ಎರಡು ದಿನಾಂಕವನ್ನೂ ಈಗಲೇ ಕ್ಯಾಲೆಂಡರಿಗೆ ಬರೆದಿಡಿ.

ಸಾಗರದ ಅಕ್ಕ
ತಂಗಿ, ನವೆಂಬರ್ 21ಕ್ಕೆ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಐಆರ್‌ಸಿಟಿಸಿ (ರೈಲು ಟಿಕೆಟ್ ಮಾಡುವ ಜಾಲತಾಣ) ಖಾತೆಗೆ ಆಧಾರ್ ದೃಢೀಕರಣ ಮಾಡಿಸು. 2025ರ ಜುಲೈನಿಂದ ತತ್ಕಾಲ್‌ಗೆ (ಹಿಂದಿನ ದಿನ ಮಾಡುವ ತುರ್ತು ಟಿಕೆಟ್) ಇದು ಕಡ್ಡಾಯ. 2025ರ ಅಕ್ಟೋಬರ್ 1ರಿಂದ ಮಾಮೂಲಿ ಬುಕಿಂಗ್ ತೆರೆದ ಕೂಡಲೇ ಆನ್‌ಲೈನಲ್ಲಿ ಟಿಕೆಟ್ ಸಿಗುವುದೂ ದೃಢೀಕರಣ ಆದ ಖಾತೆಗೇ. ಒಳ್ಳೆಯ ಬರ್ತ್‌ಗಳು ಹೋಗುವುದು ಆ ಹೊತ್ತಿನಲ್ಲೇ.

ಇದು ಕೈಕೊಡುವುದು ಎರಡು ಕಡೆ. ಆಧಾರ್‌ನಲ್ಲಿರುವ ಹೆಸರು ಒಂದು, ಖಾತೆಯಲ್ಲಿ ಬರೆದ ಹೆಸರು ಇನ್ನೊಂದು: ಇನಿಶಿಯಲ್ ಹಿಂದೆಮುಂದೆ ಆದರೂ ಸಾಕು, ತಿರಸ್ಕಾರ ಆಗುತ್ತದೆ. ಇನ್ನೊಂದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಅಪ್ಪನ ಹಳೆಯ ನಂಬರ್ ಆಗಿರುತ್ತದೆ, ಓಟಿಪಿ ಅಲ್ಲಿಗೆ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸುವುದಕ್ಕೆ ಕೆಲವು ದಿನ ಹಿಡಿಯುತ್ತದೆ, ಹಾಗಾಗಿ ಅಕ್ಟೋಬರ್‌ನಲ್ಲೇ ನೋಡಿಕೋ. ನಮ್ಮ ಕಡೆ ಮನೆಯೊಳಗೆ ಸಿಗ್ನಲ್ ಸಿಗದೆ ಓಟಿಪಿ ಐದು ನಿಮಿಷ ತಡವಾಗಿ ಬರುತ್ತದೆ, ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಬುಕಿಂಗ್ ದಿನ ಬೆಳಗ್ಗೆ ತೀರ್ಥಹಳ್ಳಿ ಪೇಟೆಗೆ ಬಂದು ಕೂತುಕೋ, ಗುಡ್ಡದ ಮೇಲೆ ಫೋನ್ ಎತ್ತಿ ಹಿಡಿದು ಮಾಡುವ ಕೆಲಸ ಅಲ್ಲ ಅದು. ಆನ್‌ಲೈನ್ ಬೇಡ ಅಂದರೆ ಶಿವಮೊಗ್ಗ ಸ್ಟೇಷನ್ ಕೌಂಟರಿನಲ್ಲಿ ಫಾರಂ ತುಂಬಿಕೊಟ್ಟು ತಗೋಬಹುದು.

ಟೌನ್ ಸ್ಟೇಷನ್
ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ಹಿಂದಿನ ರಾತ್ರಿಯೇ ‘ಮಾಸ್ಟರ್ ಲಿಸ್ಟ್’ನಲ್ಲಿ ನಿಮ್ಮ ಹೆಸರು, ವಯಸ್ಸು, ಲಿಂಗ ತುಂಬಿಡಿ. ಹಣ ಕಟ್ಟಲು ಯುಪಿಐ ಅಥವಾ ಐಆರ್‌ಸಿಟಿಸಿ ವ್ಯಾಲೆಟ್ ಸಿದ್ಧವಿರಲಿ. ಕಾರ್ಡ್ ನಂಬರ್ ಟೈಪ್ ಮಾಡುತ್ತ ಕೂತರೆ ಸೀಟು ಹೋಗುತ್ತದೆ. 7:55ಕ್ಕೆ ಲಾಗಿನ್ ಆಗಿ, ಅದಕ್ಕಿಂತ ಮೊದಲು ಆದರೆ ಎಂಟಕ್ಕೆ ಸರಿಯಾಗಿ ಹೊರಗೆ ಹಾಕುವ ಸಾಧ್ಯತೆ ಇದೆ. ‘ಕನ್ಫರ್ಮ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು’ ಎಂಬ ಕಡೆ ಟಿಕ್ ಹಾಕಿ.

ಪ್ರಯಾಣ ವಿಮೆಯ ಕಡೆಯೂ ಟಿಕ್ ಹಾಕಿ, ಒಬ್ಬರಿಗೆ 45 ಪೈಸೆ. ಟಿಕೆಟ್ ಆದ ಮೇಲೆ ವಿಮಾ ಕಂಪನಿಯಿಂದ ಒಂದು ಲಿಂಕ್ ಬರುತ್ತದೆ. ಅದರಲ್ಲಿ ನಾಮಿನಿ ಹೆಸರು ತುಂಬಬೇಕು. ಬಹಳ ಜನ ಆ ಲಿಂಕ್ ತೆರೆಯುವುದೇ ಇಲ್ಲ.

ಹೊಸನಗರ ಹುಡುಗಿ
ಲೇಡೀಸ್ ಕೋಟಾ ಅಂತ ಇದೆಯಲ್ಲ, ಅದು ಯಾರಿಗೆ? 45 ದಾಟಿದವರಿಗೆ ಮಾತ್ರವಾ?

ಟೌನ್ ಸ್ಟೇಷನ್
ಎರಡೂ ಬೇರೆ ಬೇರೆ. ದೂರದ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಸ್ಲೀಪರ್‌ನಲ್ಲಿ ಒಂದು ಗಾಡಿಗೆ 6 ಬರ್ತ್ ಮಹಿಳೆಯರಿಗೆಂದು ತೆಗೆದಿಟ್ಟಿರುತ್ತಾರೆ. ಒಬ್ಬಳೇ ಹೋಗುವ ಅಥವಾ ಬರೀ ಹೆಂಗಸರ ಗುಂಪಿಗೆ, ಯಾವ ವಯಸ್ಸಾದರೂ ಸರಿ. ರಾಜಧಾನಿ, ದುರಂತೋ, ಗರೀಬ್ ರಥ ಮತ್ತು ಪೂರ್ತಿ ಎಸಿ ಗಾಡಿಗಳಲ್ಲಿ 3ಎಸಿಯಲ್ಲಿ (ಒಂದರ ಮೇಲೊಂದು ಮೂರು ಬರ್ತ್ ಇರುವ ಎಸಿ ಬೋಗಿ) 6 ಬರ್ತ್. ಬುಕ್ ಮಾಡುವಾಗ ‘ಜನರಲ್’ ಎಂದಿರುವ ಕಡೆ ‘ಲೇಡೀಸ್’ ಆರಿಸಿದರೆ ಮಾತ್ರ ಇದು ತೋರಿಸುತ್ತದೆ, ಜನರಲ್ ಭರ್ತಿ ಆದ ಮೇಲೂ ಇಲ್ಲಿ ಒಂದೆರಡು ಉಳಿದಿರುತ್ತವೆ. ಈ ಬರ್ತ್‌ಗಳು ಸಾಮಾನ್ಯವಾಗಿ ಹತ್ತಿರಹತ್ತಿರ ಇರುವುದರಿಂದ ಸುತ್ತ ಹೆಂಗಸರೇ ಇರುತ್ತಾರೆ.

ಇನ್ನೊಂದು ಲೋಯರ್ ಬರ್ತ್ ಕೋಟಾ. ಹಿರಿಯ ನಾಗರಿಕರು, 45 ದಾಟಿದ ಹೆಂಗಸರು, ಗರ್ಭಿಣಿಯರಿಗೆ ಅದು. ನಿಮ್ಮ ಅಮ್ಮ ಒಬ್ಬರೇ ಹೋಗುವುದಾದರೆ ಅದನ್ನು ನೋಡಿ.

ಕೊಪ್ಪ ಟೀಚರ್
ಸ್ಲೀಪರ್ ಸಾಕಾ ಅಂತ ಕೇಳಿದ್ದಳು ಹುಡುಗಿ. ಮಾರ್ಚ್ ಅಥವಾ ಸೆಪ್ಟೆಂಬರ್ ಆಗಿದ್ದರೆ, ಲೇಡೀಸ್ ಕೋಟಾದಲ್ಲಿ ಸಿಕ್ಕಿದ್ದರೆ, ಸ್ಲೀಪರ್ ಧಾರಾಳ ಸಾಕು. ಜನವರಿಗೆ 3ಎಸಿಯೇ ಮಾಡಮ್ಮ. ದರ ಸ್ಲೀಪರಿನ ಹೆಚ್ಚುಕಡಿಮೆ ಎರಡೂವರೆ ಪಟ್ಟು, ನಿಜ. ಆದರೆ ಎರಡನೇ ರಾತ್ರಿ ಇಟಾರ್ಸಿ, ಭೋಪಾಲ್ ದಾಟುವಾಗ ಸ್ಲೀಪರಿನ ಕಿಟಕಿ ಸಂದಿಯಿಂದ ಬರುವ ಗಾಳಿಗೆ ನಮ್ಮ ಆಗುಂಬೆ ಚಳಿಯ ಶಾಲು ಏನೂ ಸಾಲದು. ಸ್ಲೀಪರಿನಲ್ಲಿ ಹೊದಿಕೆ ಕೊಡುವುದಿಲ್ಲ, ದಪ್ಪ ಕಂಬಳಿ ಹೊರಬೇಕು. 3ಎಸಿಯಲ್ಲಿ ಎರಡು ಬಿಳಿ ಚಾದರ, ಕಂಬಳಿ, ದಿಂಬು ಕೊಡುತ್ತಾರೆ. ಅದಕ್ಕಿಂತ ಮುಖ್ಯ, ಎಸಿ ಬೋಗಿಯಲ್ಲಿ ಅಟೆಂಡೆಂಟ್ ಒಬ್ಬರು ಇರುತ್ತಾರೆ, ಟಿಕೆಟ್ ಇಲ್ಲದವರು ಬಂದು ತುಂಬಿಕೊಳ್ಳುವುದು ಕಮ್ಮಿ. ಸ್ಲೀಪರಿನಲ್ಲಿ ಹಗಲು ಹೊತ್ತು ನಿನ್ನ ಬರ್ತಿನಲ್ಲಿ ಐದು ಜನ ಕೂತಿರಬಹುದು.

2ಎಸಿಗೆ ಪರದೆ ಇದೆ ಅಂತ ಕೆಲವರು ಅದನ್ನೇ ಹೇಳುತ್ತಾರೆ. ಒಂಟಿಯಾಗಿ ಹೋಗುವವಳಿಗೆ ಪರದೆಯ ಮರೆಗಿಂತ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಸಾಗರದ ಅಕ್ಕ
ಬರ್ತ್ ವಿಚಾರ. ಅಪ್ಪರ್ ತಗೋ ತಂಗಿ. ಹಗಲು ಬೇಕೆಂದಾಗ ಮೇಲೆ ಹತ್ತಿ ಮಲಗಬಹುದು, ಯಾರನ್ನೂ ‘ಸ್ವಲ್ಪ ಸರೀರಿ’ ಅನ್ನಬೇಕಾಗಿಲ್ಲ. ನಡೆದಾಡುವವರ ಕೈ ತಾಗುವುದಿಲ್ಲ. ಕೈಚೀಲ ತಲೆಗೆ, ಗೋಡೆಯ ಕಡೆಗೆ ಇಟ್ಟು ಮಲಗಬಹುದು. ಸೈಡ್ ಅಪ್ಪರ್ ಮಾತ್ರ ಬೇಡ: ಅಳತೆ ಗಿಡ್ಡ, ಓಡಾಡುವ ದಾರಿಗೆ ತಾಗಿಕೊಂಡೇ ಇದೆ.

ಬೀರೂರು ಜಂಕ್ಷನ್
ಅಕ್ಕ, ಎಲ್ಲರಿಗೂ ಅಪ್ಪರ್ ಒಗ್ಗುವುದಿಲ್ಲ. ಮಂಡಿ ನೋವು ಇದ್ದರೆ, ಸೀರೆ ಉಟ್ಟಿದ್ದರೆ, ಮುಟ್ಟಿನ ದಿನವಾಗಿದ್ದರೆ ರಾತ್ರಿ ಮೂರು ಸಲ ಹತ್ತಿ ಇಳಿಯುವುದು ಕಷ್ಟ. ಲೋಯರ್‌ನಲ್ಲಿ ಬ್ಯಾಗ್ ನಮ್ಮ ಕೆಳಗೇ ಇರುತ್ತದೆ. ಮೇಲಿನಿಂದ ಅದು ಕಾಣುವುದೇ ಇಲ್ಲ. ಆದರೆ ಲೋಯರ್ ಆದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ ಮಲಗುವ ಹಕ್ಕು, ಉಳಿದ ಹೊತ್ತು ಮಿಡ್ಲ್, ಅಪ್ಪರ್‌ನವರಿಗೂ ಕೂರಲು ಜಾಗ ಬಿಡಬೇಕು, ಅದು ಅವರ ಹಕ್ಕು.

ಯಾವುದೇ ಬರ್ತ್ ಆಗಲಿ, ಬಾಗಿಲ ಪಕ್ಕದ ಕೊನೆಯ ಗುಂಪು ಬೇಡ. ಸ್ಲೀಪರ್, 3ಎಸಿ ಎರಡರಲ್ಲೂ ಎಂಟೆಂಟು ಬರ್ತ್‌ಗಳ ಗುಂಪು. ನಿಮ್ಮ ಬರ್ತ್ ನಂಬರನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಲೋಯರ್, 2 ಅಥವಾ 5 ಮಿಡ್ಲ್, 3 ಅಥವಾ 6 ಅಪ್ಪರ್, 7 ಸೈಡ್ ಲೋಯರ್, ಶೇಷ ಇಲ್ಲದಿದ್ದರೆ ಸೈಡ್ ಅಪ್ಪರ್. ಈಗಿನ ಎಲ್‌ಎಚ್‌ಬಿ (ಹೊಸ ಮಾದರಿಯ) ಬೋಗಿಗಳಲ್ಲಿ ಸ್ಲೀಪರ್‌ಗೆ 80 ಬರ್ತ್, 3ಎಸಿಗೆ 72. ಹಾಗಾಗಿ 1ರಿಂದ 8 ಮತ್ತು ಕೊನೆಯ ಎಂಟು ಶೌಚಾಲಯದ ಪಕ್ಕ: ವಾಸನೆ, ರಾತ್ರಿಯಿಡೀ ಬಾಗಿಲ ಬಡಿತ, ಬಾಗಿಲಲ್ಲಿ ನಿಂತವರ ಮಾತು. 25ರಿಂದ 48ರ ಒಳಗೆ ಸಿಕ್ಕರೆ ನಡುವಿನ ಜಾಗ. ಬರ್ತ್ ನಂಬರ್ ಕೇಳಿ ಪಡೆಯುವ ಹಾಗಿಲ್ಲ, ಬಂದದ್ದು ಬಂತು. ಆದರೆ 3 ಅಥವಾ 70 ಬಂದರೆ ಗಾಡಿ ಹತ್ತಿದ ಕೂಡಲೇ ಟಿಟಿಇ (ಟಿಕೆಟ್ ನೋಡುವವರು) ಹತ್ತಿರ ‘ಒಬ್ಬಳೇ ಇದ್ದೇನೆ, ನಡುವೆ ಖಾಲಿ ಇದ್ದರೆ ಕೊಡಿ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಕುಪ್ಪಳಿ ಕಡೆಯವಳು
ಆರ್‌ಎಸಿ ಅಥವಾ ವೇಟಿಂಗ್ ಲಿಸ್ಟ್ ಬಂದರೆ?

ಟೌನ್ ಸ್ಟೇಷನ್
ಆರ್‌ಎಸಿ ಎಂದರೆ ಗಾಡಿ ಹತ್ತಬಹುದು, ಆದರೆ ಸೈಡ್ ಲೋಯರ್ ಒಂದನ್ನು ಇಬ್ಬರು ಹಂಚಿಕೊಳ್ಳಬೇಕು. ಇನ್ನೊಬ್ಬರು ಯಾರೆಂದು ಹೇಳಲಾಗದು. ಎರಡು ರಾತ್ರಿಯ ಮೊದಲ ಪ್ರಯಾಣಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ಚಾರ್ಟ್ (ಬರ್ತ್ ಹಂಚಿಕೆಯ ಕೊನೆಯ ಪಟ್ಟಿ) ಆದಾಗ ತಾನಾಗಿ ರದ್ದಾಗಿ ಹಣ ವಾಪಸ್ ಬರುತ್ತದೆ, ಅದನ್ನಿಟ್ಟುಕೊಂಡು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ. ಕೌಂಟರ್ ವೇಟಿಂಗ್ ಟಿಕೆಟ್ ಇದ್ದರೂ ಸ್ಲೀಪರ್, ಎಸಿ ಬೋಗಿ ಹತ್ತುವ ಹಾಗಿಲ್ಲ.

ವೇಟಿಂಗ್‌ನಲ್ಲೂ ಬಗೆಗಳಿವೆ. ಜಿಎನ್‌ಡಬ್ಲ್ಯುಎಲ್, ಅಂದರೆ ಗಾಡಿ ಹೊರಡುವ ಊರಿನ ಕಡೆಯಿಂದ ಮಾಡಿದವರ ಪಟ್ಟಿ, ಬೇಗ ಮುಂದೆ ಸರಿಯುತ್ತದೆ. ಪಿಕ್ಯೂಡಬ್ಲ್ಯುಎಲ್, ಆರ್‌ಎಲ್‌ಡಬ್ಲ್ಯುಎಲ್ ನಡುವಿನ ನಿಲ್ದಾಣಗಳಿಗೆ ಕೊಟ್ಟ ಸಣ್ಣ ಪಾಲು, ನಿಧಾನ. ಅರಸೀಕೆರೆಯಂಥ ಕಡೆ ದೂರದ ಗಾಡಿ ಹತ್ತುವವರು ಗಾಡಿ ಹೊರಡುವ ಊರಿಂದಲೇ ಟಿಕೆಟ್ ಮಾಡಿ, ಆಮೇಲೆ ‘ಬೋರ್ಡಿಂಗ್ ಪಾಯಿಂಟ್’ ಬದಲಿಸಿಕೊಳ್ಳುವುದು ಇದಕ್ಕೇ. ಬದಲಾವಣೆ ಕನಿಷ್ಠ ಒಂದು ದಿನ ಮುಂಚೆ ಮಾಡಿ ಮುಗಿಸಿ. ಮಾಡದೆ ಮುಂದಿನ ನಿಲ್ದಾಣದಲ್ಲಿ ಹತ್ತಿದರೆ ‘ಬರಲಿಲ್ಲ’ ಎಂದು ಗುರುತು ಹಾಕಿ ಬರ್ತನ್ನು ಬೇರೆಯವರಿಗೆ ಕೊಟ್ಟಿರುತ್ತಾರೆ.

ಕೊನೆಗೆ ತತ್ಕಾಲ್. 20ರ ಗಾಡಿಗೆ 19ರ ಬೆಳಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್.

ಭದ್ರಾವತಿ
ಶಿವಮೊಗ್ಗದಿಂದ ಬೆಂಗಳೂರು ಭಾಗ ಯಾರೂ ಹೇಳಲಿಲ್ಲವಲ್ಲ. ಜನ ಶತಾಬ್ದಿ ಬೆಳಗಿನ ಜಾವವೇ ಶಿವಮೊಗ್ಗ ಟೌನ್ ಬಿಡುತ್ತದೆ, ಮಧ್ಯಾಹ್ನದೊಳಗೆ ಬೆಂಗಳೂರು. ತೀರ್ಥಹಳ್ಳಿಯಿಂದ 60 ಕಿಲೋಮೀಟರ್ ಇರುವುದರಿಂದ ಅದಕ್ಕೆ ಹಿಂದಿನ ದಿನವೇ ಶಿವಮೊಗ್ಗಕ್ಕೆ ಬಂದು ನೆಂಟರ ಮನೆಯಲ್ಲಿ ಉಳಿಯಬೇಕು. ಇನ್ನೊಂದು ತಾಳಗುಪ್ಪ-ಮೈಸೂರು ರಾತ್ರಿ ಗಾಡಿ, ಅದು ಬೆಳಕು ಹರಿಯುವ ಮೊದಲೇ ಬೆಂಗಳೂರಲ್ಲಿ ಇಳಿಸುತ್ತದೆ. ಸಂಜೆಯ ಗಾಡಿಗೆ ಜನ ಶತಾಬ್ದಿಯೇ ಸರಿ.

ಟಿಕೆಟ್ ಮೇಲಿನ ಕೋಡ್ ನೋಡಿ. ಎಸ್‌ಎಂಇಟಿ ಎಂದರೆ ಶಿವಮೊಗ್ಗ ಟೌನ್. ಎಸ್‌ಬಿಸಿ ಎಂದರೆ ಮೆಜೆಸ್ಟಿಕ್, ವೈಪಿಆರ್ ಯಶವಂತಪುರ, ಎಸ್‌ಎಂವಿಬಿ ಎಂದರೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಈ ಮೂರನ್ನು ಕಲಸಿಕೊಂಡು ಗಾಡಿ ತಪ್ಪಿಸಿಕೊಳ್ಳುವವರು ಬಹಳ. ಯಶವಂತಪುರದಿಂದ ಮೆಜೆಸ್ಟಿಕ್‌ಗೆ ಮೆಟ್ರೋ ಹಸಿರು ಮಾರ್ಗ. ಮೆಜೆಸ್ಟಿಕ್‌ನಿಂದ ಬೈಯಪ್ಪನಹಳ್ಳಿಗೆ ನೇರಳೆ ಮಾರ್ಗ, ಆದರೆ ಮೆಟ್ರೋ ಇಳಿದ ಮೇಲೂ ಟರ್ಮಿನಲ್‌ಗೆ ಆಟೋ ಬೇಕು. ಪಟ್ನಾ, ಕೋಲ್ಕತ್ತಾ, ಗುವಾಹಟಿ ಕಡೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಿ. ಎರಡು ಗಾಡಿಗಳ ನಡುವೆ ಒಂದೇ ನಿಲ್ದಾಣವಾದರೆ 3 ಗಂಟೆ, ನಿಲ್ದಾಣ ಬದಲಾದರೆ 5 ಗಂಟೆಯಾದರೂ ಬಿಡಿ.

ಎರಡನೇ ಟಿಕೆಟ್ ಮಾಡುವಾಗ ಐಆರ್‌ಸಿಟಿಸಿಯಲ್ಲಿ ‘ಕನೆಕ್ಟಿಂಗ್ ಜರ್ನಿ’ ಆರಿಸಿ ಎರಡೂ ಪಿಎನ್‌ಆರ್ (ಟಿಕೆಟ್ ನಂಬರ್) ಜೋಡಿಸಬಹುದು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಮೊದಲ ಗಾಡಿ ಮುಟ್ಟಿದ 3 ಗಂಟೆಯೊಳಗೆ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿದರೆ ಪ್ರಯಾಣಿಸದ ಭಾಗದ ಹಣ ಸಿಗುತ್ತದೆ. ಎರಡೂ ಕನ್ಫರ್ಮ್ ಇರಬೇಕು, ಹೆಸರು-ವಯಸ್ಸು ಎರಡರಲ್ಲೂ ಒಂದೇ ಥರ ಇರಬೇಕು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸಿಗೆ ಶಕ್ತಿ ಯೋಜನೆಯಲ್ಲಿ ದುಡ್ಡಿಲ್ಲ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

ಹೊಸನಗರ ಹುಡುಗಿ
ಇದೇ ಪ್ರಯಾಣ ಜುಲೈನಲ್ಲಿ ಮಾಡುವವರು ಊರಿಂದ ಎರಡು ಗಂಟೆ ಮುಂಚೆಯೇ ಹೊರಡಿ. ಒಂದು ಮರ ಅಡ್ಡ ಬಿದ್ದರೆ ಆಗುಂಬೆಯಿಂದ ಶಿವಮೊಗ್ಗದವರೆಗೆ ಎಲ್ಲ ನಿಂತುಬಿಡುತ್ತದೆ. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ ಅದರೊಳಗೆ ಬಟ್ಟೆ ತುಂಬಿ. ಹೊರಗಿನ ರೇನ್ ಕವರ್ ಬೆನ್ನಿನ ಕಡೆ ನೀರು ತಡೆಯುವುದಿಲ್ಲ.

ಸಾಗರದ ಅಕ್ಕ
ಬ್ಯಾಗಿನ ಮಾತು ಬಂತು. ನಿಯಮದ ಪ್ರಕಾರ ಸ್ಲೀಪರ್, 3ಎಸಿಗೆ 40 ಕೆಜಿ ಒಯ್ಯಬಹುದು. ಅದು ರೈಲ್ವೆ ಲೆಕ್ಕ. ನಿನ್ನ ಲೆಕ್ಕ ಬೇರೆ: ತುಂಬಿದ ಬ್ಯಾಗ್ ಎತ್ತಿಕೊಂಡು ಮನೆ ಮೆಟ್ಟಿಲು ನಿಲ್ಲದೆ ಮೂರು ಸಲ ಹತ್ತಿ ಇಳಿ. ಒಂದು ಕೈ ಪೂರ್ತಿ ಖಾಲಿ ಇರಬೇಕು. ಆಗದಿದ್ದರೆ ತೆಗೆದುಹಾಕು. ಭಾರ ಜಾಸ್ತಿ ಆದರೆ ಯಾರೋ ಬಂದು ‘ಕೊಡಿ, ನಾನು ಇಡ್ತೀನಿ’ ಅನ್ನುತ್ತಾರೆ, ಒಳ್ಳೆಯವರೇ ಇರಬಹುದು, ಆದರೆ ಅವರನ್ನು ನಂಬುವ ಅಗತ್ಯವೇ ಬರದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು. ಒಂದು ಬೆನ್ನುಚೀಲ, ಎದೆಗೆ ಅಡ್ಡವಾಗಿ ಹಾಕುವ ಒಂದು ಸಣ್ಣ ಚೀಲ. ಒಟ್ಟು 10 ಕೆಜಿ ದಾಟಬಾರದು.

ಸಣ್ಣ ಚೀಲ ಶೌಚಾಲಯಕ್ಕೂ ನಿನ್ನ ಜೊತೆಗೇ ಬರಬೇಕು: ಫೋನ್, ಮೂಲ ಗುರುತಿನ ಚೀಟಿ, ಹಣ, ಸಂದರ್ಶನದ ಪತ್ರ. ಜೆರಾಕ್ಸ್ ತೋರಿಸಿದರೆ ಒಪ್ಪುವುದಿಲ್ಲ. ಡಿಜಿಲಾಕರ್ ಅಥವಾ ಎಂ-ಆಧಾರ್‌ನಲ್ಲಿ ತೆರೆದು ತೋರಿಸಬಹುದು, ಸಿಗ್ನಲ್ ಇರಬೇಕಷ್ಟೆ. ಹಣ ಎರಡು ಕಡೆ ಇಡು, 10, 20, 50ರ ನೋಟು ಸುಮಾರು 500 ರೂಪಾಯಿಯಷ್ಟು ಕೈಗೆ ಸಿಗುವಂತೆ, ಉಳಿದದ್ದು ಒಳಗೆ. ಸಣ್ಣ ನಿಲ್ದಾಣದಲ್ಲಿ ಯುಪಿಐ ಸುತ್ತುತ್ತಲೇ ಇರುತ್ತದೆ, ಗಾಡಿ ಹೊರಟುಬಿಡುತ್ತದೆ.

ಲೋಯರ್ ಬರ್ತಿನ ಕೆಳಗೆ ಕಬ್ಬಿಣದ ಬಳೆಯಂಥ ಕೊಂಡಿಗಳಿರುತ್ತವೆ. ಸುಮಾರು 4 ಅಡಿಯ ಸರಪಳಿ, ಸಣ್ಣ ಬೀಗ ಸಾಕು. ಸರಪಳಿಯನ್ನು ಬ್ಯಾಗಿನ ಹಿಡಿಯೊಳಗೆ ತೂರಿಸಿ ಬೀಗ ಹಾಕು. ಬರೀ ಜಿಪ್ಪಿಗೆ ಹಾಕಿದರೆ ಪೆನ್ನಿನ ಮೊನೆಯಲ್ಲಿ ಜಿಪ್ ಬಿಡಿಸುತ್ತಾರೆ.

ಬೀರೂರು ಜಂಕ್ಷನ್
ಫೋನ್ ಚಾರ್ಜ್. ಹಲವು ಗಾಡಿಗಳಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಪ್ಲಗ್‌ಗಳ ವಿದ್ಯುತ್ ತೆಗೆದಿರುತ್ತಾರೆ, ಬೆಂಕಿ ಅನಾಹುತ ಆಗದಿರಲಿ ಎಂದು. 10ರೊಳಗೆ ಪೂರ್ತಿ ಮಾಡಿಕೊಳ್ಳಿ. 10,000 ಎಂಎಎಚ್ ಪವರ್ ಬ್ಯಾಂಕಿನಿಂದ ಫೋನಿಗೆ ನಿಜವಾಗಿ ಬರುವುದು 6,000 ಚಿಲ್ಲರೆ. 5,000ದ ಫೋನ್ ಒಂದು ಸಲ ತುಂಬುತ್ತದೆ ಅಷ್ಟೆ. ಎರಡು ರಾತ್ರಿಗೆ 20,000ದ್ದು ಬೇಕು. ಎಲೆಕ್ಟ್ರಿಕ್ ಕೆಟಲ್ ಹಚ್ಚುವ ಹಾಗಿಲ್ಲ.

ಮನೆಯವರಿಗೆ: ವಾಟ್ಸಾಪ್ ಲೈವ್ ಲೊಕೇಶನ್ ಹೆಚ್ಚೆಂದರೆ 8 ಗಂಟೆ ಓಡುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ರಾತ್ರಿ ಎರಡಕ್ಕೆ ನಿಂತರೆ ಮನೆಯಲ್ಲಿ ಗಾಬರಿ. ಅದರ ಬದಲು ಅಪ್ಪನ ಫೋನಿಗೆ ಎನ್‌ಟಿಇಎಸ್ ಆಪ್ ಹಾಕಿಕೊಟ್ಟು ಗಾಡಿ ನಂಬರ್ ಹೊಡೆದು ನೋಡುವುದು ಕಲಿಸಿ. ನಿಮ್ಮ ಫೋನ್ ಸತ್ತರೂ ಗಾಡಿ ಎಲ್ಲಿದೆ ಅಂತ ಅವರಿಗೆ ಗೊತ್ತಾಗುತ್ತದೆ. ‘ಎಂಟು ಗಂಟೆಗೆ ಫೋನ್ ಮಾಡ್ತೀನಿ’ ಅನ್ನಬೇಡಿ, ‘ಸೊಲ್ಲಾಪುರ ಬಂದಾಗ, ಭೋಪಾಲ್ ದಾಟಿದ ಮೇಲೆ ಬೆಳಗ್ಗೆ’ ಅಂತ ಮಾತಾಡಿಕೊಳ್ಳಿ.

ಕೊಪ್ಪ ಟೀಚರ್
ಊಟದ ಬಗ್ಗೆ. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ. ಎರಡನೇ ದಿನ ಮಧ್ಯಾಹ್ನದವರೆಗೆ ಪುಳಿಯೋಗರೆ ನಿಲ್ಲುತ್ತದೆ, ಗೊಜ್ಜಿಗೆ ಎಣ್ಣೆ ಸ್ವಲ್ಪ ಮುಂದಾಗಿರಲಿ, ಅನ್ನ ಉದುರು ಇರಲಿ. ತೆಂಗಿನಕಾಯಿ ಚಟ್ನಿ, ಕಾಯಿ ಹಾಕಿದ ಪಲ್ಯ ಬೇಡವೇ ಬೇಡ, ಸಂಜೆಗೆ ಹಳಸುತ್ತದೆ. ಬುತ್ತಿ ಕೆಡುವುದು ಹೆಚ್ಚಾಗಿ ಬಿಸಿಬಿಸಿ ಕಟ್ಟಿದ್ದರಿಂದ. ಚಪಾತಿಯನ್ನು ಬಟ್ಟೆಯ ಮೇಲೆ ಒಂದೊಂದಾಗಿ ಹರವಿ ಆವಿ ಪೂರ್ತಿ ಹೋಗಲಿ. ಬಾಳೆಎಲೆಯನ್ನು ಕೆಂಡದ ಮೇಲೆ ಅತ್ತಿತ್ತ ಆಡಿಸಿದರೆ ಹೊಳಪು ಬಂದು ಮೆತ್ತಗಾಗುತ್ತದೆ, ಮಡಚಿದರೆ ಸೀಳುವುದಿಲ್ಲ. ಒದ್ದೆ ಒರೆಸಿ ಅದರಲ್ಲಿ ಸುತ್ತಿ, ಮೇಲೆ ಪೇಪರ್ ಕಟ್ಟಿ. ಮೂರನೇ ಬೆಳಗ್ಗೆಗೆ ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಕೋಡುಬಳೆ.

ಗೆಳತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುತ್ತೀಯಾದರೆ ಗಾಜಿನ ಬಾಟಲಿ ಬೇಡ. ಪ್ಲಾಸ್ಟಿಕ್ ಡಬ್ಬಿಯ ಬಾಯಿಗೆ ದಪ್ಪ ಕವರ್ ಹಾಸಿ ಅದರ ಮೇಲೆ ಮುಚ್ಚಳ ತಿರುಗಿಸು, ಡಬ್ಬಿ ತುಂಬ ಕಂಠದವರೆಗೆ ತುಂಬಬೇಡ. ಆ ರಸ ಸಂದರ್ಶನದ ಬಟ್ಟೆಗೆ ಸೋರಿದರೆ ಕಲೆ ಹೋಗುವುದಿಲ್ಲ.

ಬಿಸಿ ಊಟ ಬೇಕಾದರೆ ಐಆರ್‌ಸಿಟಿಸಿಯ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಹಾಕಿ ಮುಂದಿನ ದೊಡ್ಡ ನಿಲ್ದಾಣಕ್ಕೆ ಹೇಳಬಹುದು, ಬರ್ತಿಗೇ ತಂದುಕೊಡುತ್ತಾರೆ. ನೀರಿಗೆ ರೈಲ್ ನೀರ್, ಲೀಟರಿಗೆ 14 ರೂಪಾಯಿ (2025ರ ಸೆಪ್ಟೆಂಬರ್‌ನಲ್ಲಿ ಒಂದು ರೂಪಾಯಿ ಇಳಿಸಿದರು), ಮುಚ್ಚಳದ ಸೀಲ್ ನೋಡಿ ತಗೋ. ಅಪರಿಚಿತರು ಕೊಟ್ಟ ಚಹಾ, ಬಿಸ್ಕತ್ತು ಬೇಡ. ‘ಉಪವಾಸ’ ಅಂದುಬಿಡು, ಯಾರೂ ಒತ್ತಾಯ ಮಾಡುವುದಿಲ್ಲ.

ಸಾಗರದ ಅಕ್ಕ
ಟೀಚರ್ ನೀರಿನ ಮಾತೆತ್ತಿದ್ದು ಒಳ್ಳೆಯದಾಯಿತು. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದೆ ಕೂರುವ ಹೆಣ್ಣುಮಕ್ಕಳೇ ಹೆಚ್ಚು. ಎರಡು ದಿನ ಹಾಗೆ ಮಾಡಿದರೆ ಉರಿಮೂತ್ರ, ತಲೆನೋವು, ಸಂದರ್ಶನದ ದಿನ ಹಾಸಿಗೆ. ದಿನಕ್ಕೆ 2 ಲೀಟರ್ ಕುಡಿ. ಬೆಳಗ್ಗೆ ಐದೂವರೆಗೆ ಮುಂಚೆ ಎದ್ದರೆ ಶೌಚಾಲಯ ಸ್ವಚ್ಛ ಇರುತ್ತದೆ, ಸಾಲೂ ಇರುವುದಿಲ್ಲ. ಒಳಗೆ ಹೋದ ಕೂಡಲೇ ಚಿಲಕ ಪೂರ್ತಿ ಕೂತಿದೆಯಾ ಎಂದು ಬಾಗಿಲು ಎಳೆದು ನೋಡು. ಅರ್ಧ ಕೂತ ಚಿಲಕ ಗಾಡಿ ಕುಲುಕಿದಾಗ ಜಾರುತ್ತದೆ. ಗಲೀಜಾಗಿದ್ದರೆ ರೈಲ್‌ಮದದ್ ಆಪ್‌ನಲ್ಲಿ ಪಿಎನ್‌ಆರ್ ಹಾಕಿ ದೂರು ಕೊಡು, ಗಾಡಿಯಲ್ಲೇ ಇರುವ ಸ್ವಚ್ಛತಾ ಸಿಬ್ಬಂದಿ ಬರುತ್ತಾರೆ.

ಪ್ಯಾಡ್ ಅನ್ನು ಶೌಚಾಲಯದೊಳಗೆ ಹಾಕಬಾರದು. ಈಗ ಇರುವುದು ಜೈವಿಕ ಶೌಚಾಲಯ, ಕೆಳಗೆ ಬ್ಯಾಕ್ಟೀರಿಯಾ ಇರುವ ಟ್ಯಾಂಕ್. ಪ್ಯಾಡ್, ಬಾಟಲಿ ಬಿದ್ದರೆ ಬಾಯಿ ಕಟ್ಟಿಕೊಂಡು ಇಡೀ ಬೋಗಿಗೆ ನಾತ. ಹಳೆ ಪೇಪರ್ ತುಂಡು, ಸಣ್ಣ ಜಿಪ್ ಕವರ್ ಇಟ್ಟುಕೊಂಡು ಸುತ್ತಿ, ಹೊರಗೆ ವಾಶ್‌ಬೇಸಿನ್ ಹತ್ತಿರದ ಕಸದ ಡಬ್ಬಿಗೆ ಹಾಕು. ತಾರೀಖು ಹತ್ತಿರ ಇಲ್ಲದಿದ್ದರೂ ನಾಲ್ಕು ಪ್ಯಾಡ್ ಇರಲಿ. ಪ್ರಯಾಣದ ಆಯಾಸಕ್ಕೆ ಮುಂಚೆ ಆಗುವುದುಂಟು.

ಕುಪ್ಪಳಿ ಕಡೆಯವಳು
ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಅಮ್ಮನ ಪ್ರಶ್ನೆ: ಯಾರಾದರೂ ಕಾಟ ಕೊಟ್ಟರೆ ಏನು ಮಾಡುವುದು?

ಟೌನ್ ಸ್ಟೇಷನ್
ಅಮ್ಮನಿಗೆ ಕ್ರಮವಾಗಿ ಹೇಳಿ.

ಮೊದಲು ದನಿ. ಮೆಲ್ಲಗೆ ಬೇಡ, ನಾಲ್ಕು ಬರ್ತಿನವರಿಗೆ ಕೇಳುವ ಹಾಗೆ. ಹಿಂದಿಯಲ್ಲಿ ‘ಯೇ ಮೇರಿ ಸೀಟ್ ಹೈ, ಆಪ್ ಹಟಿಯೇ’ ಅಷ್ಟು ಬಂದರೆ ಸಾಕು. ಎದ್ದು ಮಕ್ಕಳು-ಹೆಂಗಸರು ಇರುವ ಕಡೆ ಹೋಗಿ ಕೂರಿ. ಬಾಗಿಲ ಕಡೆ ಹೋಗಬೇಡಿ.

ಆಮೇಲೆ ರೈಲ್ವೆ ಸಹಾಯವಾಣಿ 139. ಮೊದಲಿದ್ದ 182 ಈಗ ಇಲ್ಲ, 2021ರ ಏಪ್ರಿಲ್‌ನಲ್ಲಿ 139ಕ್ಕೇ ಸೇರಿಸಿದರು. ಕರೆ ಹೋದ ಮೇಲೆ ಭದ್ರತೆಗೆ 1 ಒತ್ತಬೇಕು. ಹೇಳಬೇಕಾದದ್ದು ನಾಲ್ಕೇ: ಗಾಡಿ ನಂಬರ್, ಬೋಗಿ, ಬರ್ತ್, ಮುಂದಿನ ನಿಲ್ದಾಣ. ಇದನ್ನು ಚೀಟಿಯಲ್ಲಿ ಬರೆದು ಫೋನಿನ ಹಿಂದೆ ಅಂಟಿಸಿಕೊಳ್ಳಿ, ಗಾಬರಿಯಲ್ಲಿ ನೆನಪಾಗುವುದಿಲ್ಲ. ಮುಂದಿನ ನಿಲ್ದಾಣದಲ್ಲಿ ರೈಲ್ವೆ ಪೊಲೀಸರು ಬೋಗಿಗೇ ಬರುತ್ತಾರೆ. 139 ಸಿಗದಿದ್ದರೆ 112.

ದೂರು ಕೊಡಲು ನಡುದಾರಿಯಲ್ಲಿ ಇಳಿಯಬೇಕಾಗಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಫ್‌ಐಆರ್ ಫಾರಂ ಟಿಟಿಇ, ಅಟೆಂಡೆಂಟ್, ಗಾರ್ಡ್ ಹತ್ತಿರ ಇರುತ್ತದೆ. ತುಂಬಿ ಕೊಟ್ಟರೆ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ, ನೀವು ಮುಂದೆ ಪ್ರಯಾಣಿಸಬಹುದು. ಘಟನೆ ಯಾವ ರಾಜ್ಯದಲ್ಲಾಯಿತು ಎಂಬ ನೆಪ ಹೇಳಿ ದೂರು ತೆಗೆದುಕೊಳ್ಳದೆ ಇರುವಂತಿಲ್ಲ.

ಸರಪಳಿ ಎಳೆಯುವುದು ಸಕಾರಣ ಇಲ್ಲದಿದ್ದರೆ ಅಪರಾಧ, ಆದರೆ ಮೈಮೇಲೆ ಬಂದರೆ ಅದೇ ಸಕಾರಣ.

2020ರಿಂದ ಆರ್‌ಪಿಎಫ್‌ನ (ರೈಲ್ವೆ ರಕ್ಷಣಾ ಪಡೆ) ‘ಮೇರಿ ಸಹೇಲಿ’ ತಂಡವಿದೆ. ಗಾಡಿ ಹೊರಡುವ ಊರಲ್ಲಿ ಮಹಿಳಾ ಸಿಬ್ಬಂದಿ ಒಂಟಿ ಮಹಿಳೆಯರನ್ನು ಮಾತಾಡಿಸಿ ಬೋಗಿ, ಬರ್ತ್ ಬರೆದುಕೊಳ್ಳುತ್ತಾರೆ, ದಾರಿಯ ನಿಲ್ದಾಣಗಳಲ್ಲಿ ವಿಚಾರಿಸುತ್ತಾರೆ. ಸಮವಸ್ತ್ರ ನೋಡಿ ಖಚಿತಪಡಿಸಿಕೊಂಡು ವಿವರ ಕೊಡಿ. ಅವರು ಬರದಿದ್ದರೆ ಪ್ಲಾಟ್‌ಫಾರ್ಮಿನ ಆರ್‌ಪಿಎಫ್ ಹತ್ತಿರ ನೀವೇ ಹೋಗಿ ಹೇಳಿ.

ಕಾಯ್ದೆಯ ಒಂದು ಮಾತು ಅಮ್ಮನಿಗೆ ಸಮಾಧಾನ ತರಬಹುದು. ರೈಲ್ವೆ ಕಾಯ್ದೆ 1989ರ 139ನೇ ಕಲಂ ಪ್ರಕಾರ, ಟಿಕೆಟ್ ಸಮಸ್ಯೆಯೇ ಆದರೂ ಜೊತೆಗೆ ಗಂಡಸಿಲ್ಲದ ಹೆಂಗಸನ್ನು ಎಲ್ಲೆಂದರಲ್ಲಿ ಇಳಿಸುವ ಹಾಗಿಲ್ಲ. ಹೊರಟ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ, ಅದೂ ಹಗಲು ಹೊತ್ತಲ್ಲಿ ಮಾತ್ರ.

ಭದ್ರಾವತಿ
ಇನ್ನೊಂದು ಬಗೆಯ ಕಾಟ ಫೋನಿನಲ್ಲಿ ಬರುತ್ತದೆ. ಟಿಕೆಟ್ ಫೋಟೋ ಸ್ಟೇಟಸ್‌ಗೆ ಹಾಕಬೇಡಿ, ಪಿಎನ್‌ಆರ್ ಸಿಕ್ಕರೆ ಯಾವ ದಿನ, ಯಾವ ಬೋಗಿ, ಯಾವ ಬರ್ತ್ ಎಂದು ಯಾರು ಬೇಕಾದರೂ ನೋಡಬಹುದು. ಸಾಮಾಜಿಕ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಪಿಎನ್‌ಆರ್, ಫೋನ್ ನಂಬರ್ ಬರೆದು ದೂರು ಕೊಟ್ಟರೆ ‘ರೀಫಂಡ್ ಕೊಡ್ತೀವಿ, ಈ ಆಪ್ ಹಾಕಿ’ ಎಂದು ವಂಚಕರ ಕರೆ ಬರುತ್ತದೆ. ರದ್ದಾದ ಟಿಕೆಟ್ಟಿನ ಹಣ ಕಟ್ಟಿದ ಖಾತೆಗೇ ತಾನಾಗಿ ಬರುತ್ತದೆ, ಅದಕ್ಕೆ ಓಟಿಪಿ ಬೇಡ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೀರೂರು ಜಂಕ್ಷನ್
ದೆಹಲಿ ಇಳಿಯುವಾಗ: ನವದೆಹಲಿ ನಿಲ್ದಾಣಕ್ಕೆ ಎರಡು ಕಡೆ. ಒಂದನೇ ಪ್ಲಾಟ್‌ಫಾರ್ಮ್ ಕಡೆ ಪಹಾಡ್‌ಗಂಜ್, 16ನೆಯದರ ಕಡೆ ಅಜ್ಮೇರಿ ಗೇಟ್. ಮೆಟ್ರೋ ಅಜ್ಮೇರಿ ಗೇಟ್ ಕಡೆ, ಹಳದಿ ಮಾರ್ಗ. ಮೇಲ್ಸೇತುವೆಯಲ್ಲಿ ಆ ಬೋರ್ಡ್ ಹಿಡಿದೇ ನಡೆಯಿರಿ. ದೆಹಲಿ ಮೆಟ್ರೋದಲ್ಲಿ ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮೀಸಲು. ನಿಲ್ದಾಣದ ಹೊರಗೆ ‘ಮೆಟ್ರೋ ಬಂದ್’, ‘ನಿಮ್ಮ ಟಿಕೆಟ್ ಕ್ಯಾನ್ಸಲ್’ ಎನ್ನುವವರಿಗೆ ಉತ್ತರ ಕೊಡದೆ ಮುಂದೆ ಹೋಗಿ. ಜನವರಿ 26ರ ಆಸುಪಾಸು ತಪಾಸಣೆ ಬಿಗಿ, ಸಾಲು ಉದ್ದ, ಕೆಲವು ರಸ್ತೆ ಬಂದ್. ಸಂದರ್ಶನಕ್ಕೆ ಒಂದೂವರೆ ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ, 23ಕ್ಕೇ ಒಮ್ಮೆ ಹೋಗಿ ದಾರಿ ನೋಡಿ ಬನ್ನಿ.

ಕುಪ್ಪಳಿ ಕಡೆಯವಳು
ವಾಪಸ್ ಬರುವಾಗ ಬೆಂಗಳೂರಿಂದ ಸಂಜೆಯ ಜನ ಶತಾಬ್ದಿಗೆ ಟಿಕೆಟ್ ಮಾಡಲಾ?

ಭದ್ರಾವತಿ
ಬೇಡ. ಕರ್ನಾಟಕ ಎಕ್ಸ್‌ಪ್ರೆಸ್ ಹೊತ್ತಿಗೆ ಸರಿಯಾಗಿ ಬಂದರೆ ಸಿಗುತ್ತದೆ. ಆದರೆ ಮಂಜಿನ ದಿನಗಳಲ್ಲಿ ದೆಹಲಿ ಬಿಡುವುದೇ ತಡವಾದೀತು, ಹೋಗಬೇಕಾದ ಗಾಡಿ ಬರುವಾಗಲೇ ತಡವಾಗಿರುತ್ತದೆ. 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹೋಗುವುದೇ ಬೇಡವೆಂದರೆ, ಗಾಡಿ ಹೊರಡುವ ಮೊದಲು ಟಿಡಿಆರ್ ಹಾಕಿದರೆ ಪೂರ್ತಿ ಹಣ ವಾಪಸ್.

ತಾಳಗುಪ್ಪದ ರಾತ್ರಿ ಗಾಡಿಗೆ ಬೇಕಾದಷ್ಟು ಸಮಯ ಸಿಗುತ್ತದೆ, ಆದರೆ ಅದು ಕತ್ತಲಲ್ಲೇ ಶಿವಮೊಗ್ಗದಲ್ಲಿ ಇಳಿಸುತ್ತದೆ. ಸಾಗರ, ತಾಳಗುಪ್ಪದವರಿಗೆ ಅದು ಬೆಳಕಿನ ಹೊತ್ತಿಗೆ ಮುಟ್ಟುತ್ತದೆ, ನಿಮಗಲ್ಲ. ಅಪ್ಪ ಸ್ಟೇಷನ್‌ಗೆ ಬರುವುದಾದರೆ ಸರಿ, ಇಲ್ಲದಿದ್ದರೆ ಬೆಳಕಾಗುವವರೆಗೆ ಮಹಿಳೆಯರ ವಿಶ್ರಾಂತಿ ಕೊಠಡಿಯಲ್ಲಿ ಕೂತು ಬಸ್ಸಿಗೆ ಹೋಗಿ. ಮೆಜೆಸ್ಟಿಕ್‌ನಿಂದ ತೀರ್ಥಹಳ್ಳಿಗೆ ನೇರ ರಾತ್ರಿ ಬಸ್ ಹಿಡಿದರೆ ಇನ್ನೂ ಸುಲಭ. ರೈಲ್ವೆ ಸ್ಟೇಷನ್ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ, ಬೆಳಗ್ಗೆ ಊರಲ್ಲೇ ಇಳಿಯುತ್ತೀರಿ. ಸ್ಲೀಪರ್, ಐರಾವತಕ್ಕೆ ಶಕ್ತಿ ಯೋಜನೆ ಇಲ್ಲ, ಟಿಕೆಟ್ ತಗೋಬೇಕು. ಆ ಟಿಕೆಟನ್ನು ಈಗಲೇ ಮಾಡಬೇಡಿ, ಕರ್ನಾಟಕ ಎಕ್ಸ್‌ಪ್ರೆಸ್ ಧರ್ಮಾವರಂ ದಾಟಿದ ಮೇಲೆ ಫೋನಿನಲ್ಲಿ ಮಾಡಿ.